ರಿಚರ್ಡ್ ಥಾಂಪ್ಸನ್ ಕೇಳುವುದಾದರೆ: ಯಾವ ಆಲ್ಬಮ್ ಮೊದಲು, ಯಾವ ಶೋಗೆ ಟಿಕೆಟ್

ರಿಚರ್ಡ್ ಥಾಂಪ್ಸನ್ ಹೆಸರು ಬಾಬ್ ಡಿಲನ್ ಹೆಸರಿನಷ್ಟು ನಮ್ಮಲ್ಲಿ ಓಡಾಡಿದ್ದಲ್ಲ. 1949ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, 1967ರಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ತಂಡ ಕಟ್ಟಿದವರಲ್ಲಿ ಒಬ್ಬರು, 2024ರಲ್ಲೂ ಹೊಸ ಹಾಡುಗಳ ಆಲ್ಬಮ್ ತಂದವರು. ಹಾಡು ಬರೆಯುತ್ತಾರೆ, ಹಾಡುತ್ತಾರೆ, ಗಿಟಾರ್ ನುಡಿಸುತ್ತಾರೆ. ಈ ಮೂರರಲ್ಲಿ ಯಾವುದು ಹೆಚ್ಚು ಎಂಬ ಜಗಳ ಅವರ ಕೇಳುಗರ ನಡುವೆ ಇನ್ನೂ ತೀರಿಲ್ಲ. ಹೊಸದಾಗಿ ಕೇಳಲು ಕೂತವರಿಗೆ ತೊಡಕಾಗುವುದೂ ಇಲ್ಲಿಯೇ. ಅವರ ಒಳ್ಳೆಯ ಆಲ್ಬಮ್ ಯಾವುದು ಎಂದು ನಾಲ್ಕು ಜನರನ್ನು ಕೇಳಿದರೆ ನಾಲ್ಕು ಹೆಸರು ಬರುತ್ತವೆ. ಹಾಕಿ ಕೇಳಿದರೆ ಇವೆಲ್ಲ ಒಬ್ಬರದೇನಾ ಎಂಬ ಅನುಮಾನ ಹುಟ್ಟುತ್ತದೆ. ಒಂದರಲ್ಲಿ ಹೆಂಗಸಿನ ದನಿ ಮುಂದಿದೆ, ಇನ್ನೊಂದರಲ್ಲಿ ಎಲೆಕ್ಟ್ರಿಕ್ ಗಿಟಾರಿನ ಅಬ್ಬರ, ಮತ್ತೊಂದರಲ್ಲಿ ಒಬ್ಬ ಮನುಷ್ಯ ಮತ್ತು ಒಂದು ಅಕೌಸ್ಟಿಕ್ ಗಿಟಾರ್, ಅಷ್ಟೇ.

ಹಾಗಾಗಿ ಶ್ರೇಷ್ಠ ಹತ್ತು, ಶ್ರೇಷ್ಠ ಇಪ್ಪತ್ತು ಎಂಬ ಪಟ್ಟಿಗಳು ಇವರ ವಿಷಯದಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಡು ಕೇಳುವಾಗ ನಿಮ್ಮ ಕಿವಿ ಮೊದಲು ಏನನ್ನು ಹಿಡಿಯುತ್ತದೆ ಎಂದು ನೋಡಿಕೊಳ್ಳಿ: ಕತೆಯನ್ನೋ, ದನಿಯನ್ನೋ, ವಾದ್ಯವನ್ನೋ? ಅದರ ಮೇಲೆ ಮೊದಲ ಆಲ್ಬಮ್ ಆರಿಸಿಕೊಂಡರೆ ಉಳಿದವು ತಾವಾಗಿ ದಾರಿಗೆ ಬರುತ್ತವೆ.

ಅದಕ್ಕೂ ಮೊದಲು ಹುಡುಕಾಟದ ಒಂದು ತೊಡಕು. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಥಾಂಪ್ಸನ್ನರ ಕೆಲಸ ಸಾಮಾನ್ಯವಾಗಿ ಮೂರು ಪುಟಗಳಲ್ಲಿ ಹಂಚಿಹೋಗಿರುತ್ತದೆ. ‘ರಿಚರ್ಡ್ ಥಾಂಪ್ಸನ್’ ಪುಟದಲ್ಲಿ ಒಬ್ಬರೇ ಮಾಡಿದ ಆಲ್ಬಮ್‌ಗಳು ಮಾತ್ರ. 1974ರಿಂದ 1982ರವರೆಗೆ ಆಗಿನ ಹೆಂಡತಿ ಲಿಂಡಾ ಜೊತೆ ಮಾಡಿದ ಆರು ಆಲ್ಬಮ್‌ಗಳು ‘ರಿಚರ್ಡ್ ಆ್ಯಂಡ್ ಲಿಂಡಾ ಥಾಂಪ್ಸನ್’ ಎಂಬ ಬೇರೆ ಹೆಸರಿನಲ್ಲಿವೆ. 1968ರಿಂದ 1970ರವರೆಗಿನವು ಫೇರ್‌ಪೋರ್ಟ್ ಕನ್ವೆನ್ಷನ್ ಪುಟದಲ್ಲಿ. ಮೊದಲ ಪುಟವನ್ನಷ್ಟೇ ನೋಡಿ ಇಷ್ಟೇ ಎಂದುಕೊಂಡರೆ ಅವರ ಅತ್ಯಂತ ಮುಖ್ಯವಾದ ಎರಡು ಮೂರು ಆಲ್ಬಮ್ ಕಣ್ಣಿಗೇ ಬೀಳುವುದಿಲ್ಲ. ಜೊತೆಗೆ ಒಂದೇ ಹಾಡು ಸ್ಟುಡಿಯೋ, ಲೈವ್, ಅಕೌಸ್ಟಿಕ್ ಎಂದು ಹಲವು ರೂಪಗಳಲ್ಲಿ ಸಿಗುತ್ತದೆ. ಶಫಲ್ ಒತ್ತಿಬಿಟ್ಟರೆ 1974ರ ದನಿಯ ಹಿಂದೆಯೇ 2014ರ ದನಿ ಬಂದು ಎಲ್ಲ ಕಲಸಿಹೋಗುತ್ತದೆ. ಮೊದಲ ಕೆಲವು ದಿನವಾದರೂ ಆಲ್ಬಮ್ಮನ್ನು ಅದರ ಕ್ರಮದಲ್ಲೇ ಕೇಳಿ.

ಕತೆ ಬೇಕೆನ್ನುವವರಿಗೆ

1991ರ ‘ರೂಮರ್ ಆ್ಯಂಡ್ ಸೈ’ ಹಾಕಿಕೊಳ್ಳಿ. ಹದಿನಾಲ್ಕು ಹಾಡುಗಳ ಆಲ್ಬಮ್, ನಿರ್ಮಾಪಕ ಮಿಚೆಲ್ ಫ್ರೂಮ್. ಎಲ್ಲರೂ ಹೇಳುವ ‘1952 ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್’ ಹಾಡು ಇರುವುದು ಇದರಲ್ಲಿ. ದರೋಡೆಕೋರ ಜೇಮ್ಸ್, ಕೆಂಪು ಕೂದಲಿನ ಮಾಲಿ, ಇಂಗ್ಲೆಂಡಿನಲ್ಲಿ ತಯಾರಾದ ಒಂದು ಮೋಟಾರ್ ಸೈಕಲ್. ಪರಿಚಯ, ಉಂಗುರ, ಗುಂಡೇಟು, ಕೊನೆಗೆ ಗಾಡಿಯ ಕೀಲಿ ಅವಳ ಕೈಗೆ. ಮತ್ತೆ ಮತ್ತೆ ಬರುವ ಪಲ್ಲವಿ ಇಲ್ಲ, ಕತೆ ಮುಂದಕ್ಕೆ ಮಾತ್ರ ಹೋಗುತ್ತದೆ, ಐದು ನಿಮಿಷದೊಳಗೆ ಮುಗಿಯುತ್ತದೆ. ಹಲಗಲಿ ಬೇಡರ ಲಾವಣಿ ಕೇಳಿ ಗೊತ್ತಿರುವ ಕಿವಿಗೆ ಇದರ ನಡೆ ಹೊಸದೇನಲ್ಲ: ಕಾನೂನಿನ ಆಚೆ ನಿಂತವನ ಮೇಲೆ ಹಾಡುವವನಿಗೆ ಮರುಕ, ಆದರೆ ಆ ಮರುಕವನ್ನು ಬಾಯಿಬಿಟ್ಟು ಹೇಳದ ಬಿಗಿ. ಟೈಮ್ ಪತ್ರಿಕೆ 2011ರಲ್ಲಿ ಮಾಡಿದ ನೂರು ಹಾಡುಗಳ ಪಟ್ಟಿಯಲ್ಲಿ ಇದಕ್ಕೂ ಜಾಗ ಸಿಕ್ಕಿತ್ತು.

ಈ ಒಂದು ಹಾಡು ಮಾತ್ರ ಪೂರ್ತಿ ಅಕೌಸ್ಟಿಕ್, ಆಲ್ಬಮ್ಮಿನ ಹೆಚ್ಚಿನ ಭಾಗ ಬ್ಯಾಂಡಿನದು. ಇದು ಗೊತ್ತಿಲ್ಲದೆ ಕೇಳಿದವರು ನಿರಾಸೆಪಡುವುದುಂಟು. ಕೊನೆಯ ‘ಸೈಕೋ ಸ್ಟ್ರೀಟ್’ ಬಿಟ್ಟರೂ ನಷ್ಟವಿಲ್ಲ. ‘ಐ ಮಿಸ್‌ಅಂಡರ್‌ಸ್ಟುಡ್’, ‘ಕೀಪ್ ಯುವರ್ ಡಿಸ್ಟನ್ಸ್’ ಬಿಡಬೇಡಿ.

ಇದರ ಜೊತೆ ಹೋಲಿಸಿ ನೋಡಬೇಕಾದದ್ದು 1994ರ ‘ಮಿರರ್ ಬ್ಲೂ’. ನಿರ್ಮಾಪಕ ಇಲ್ಲೂ ಫ್ರೂಮ್ ಅವರೇ. ‘ಬೀಸ್‌ವಿಂಗ್’ ಎಂಬ, ಒಂದೆಡೆ ನಿಲ್ಲದ ಹುಡುಗಿಯೊಬ್ಬಳ ಹಾಡು ಇದರಲ್ಲಿದೆ, ಅದೊಂದಕ್ಕೇ ಆಲ್ಬಮ್ ಕೊಳ್ಳಬಹುದು. 2021ರಲ್ಲಿ ಬಂದ ಆತ್ಮಕಥನಕ್ಕೂ ಥಾಂಪ್ಸನ್ ಇದೇ ಹೆಸರಿಟ್ಟರು. ಆದರೆ ಉಳಿದ ಹಾಡುಗಳಲ್ಲಿ ತಾಳವಾದ್ಯದ ಸದ್ದು ಬೇಕೆಂದೇ ವಿಚಿತ್ರವಾಗಿದೆ, ಡಬ್ಬ ಬಡಿದಂತೆ ಕೇಳುತ್ತದೆ. ಬಂದಾಗಲೂ ಹಲವರು ಅದನ್ನೇ ಆಕ್ಷೇಪಿಸಿದರು. ಎರಡನೆಯದೋ ಮೂರನೆಯದೋ ಆಲ್ಬಮ್ ಆಗಿ ಸರಿ, ಮೊದಲಿಗೆ ಬೇಡ.

ದನಿ ಬೇಕೆನ್ನುವವರಿಗೆ

ಇಲ್ಲಿ ನಿಜವಾದ ಪೈಪೋಟಿ ಇರುವುದು ಎರಡರ ನಡುವೆ: 1974ರ ‘ಐ ವಾಂಟ್ ಟು ಸೀ ದ ಬ್ರೈಟ್ ಲೈಟ್ಸ್ ಟುನೈಟ್’ ಮತ್ತು 1982ರ ‘ಶೂಟ್ ಔಟ್ ದ ಲೈಟ್ಸ್’. ಎರಡೂ ಲಿಂಡಾ ಜೊತೆಗಿನವು. ಒಂದು ಜೋಡಿಯ ಮೊದಲ ಆಲ್ಬಮ್, ಇನ್ನೊಂದು ಕೊನೆಯದು.

‘ಬ್ರೈಟ್ ಲೈಟ್ಸ್’ 1973ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ತೈಲ ಬಿಕ್ಕಟ್ಟಿನಿಂದ ವಿನೈಲ್ ಸಿಗದೆ ಮಾರುಕಟ್ಟೆಗೆ ಬರುವುದು ತಡವಾಯಿತು. ಹತ್ತು ಹಾಡು. ಅಕಾರ್ಡಿಯನ್ ಮತ್ತು ಹಳೆಯ ಯೂರೋಪಿನ ಊದುವ ವಾದ್ಯಗಳ ಜೊತೆ, ಶೀರ್ಷಿಕೆ ಹಾಡಿಗೆ ಹಿತ್ತಾಳೆಯ ಊದುವಾದ್ಯಗಳ ಒಂದು ಪೂರ್ತಿ ಸಿಲ್ವರ್ ಬ್ಯಾಂಡೇ ಇದೆ. ಲಿಂಡಾ ದನಿಯಲ್ಲಿ ಗಮಕವಿಲ್ಲ, ಅಲಂಕಾರವಿಲ್ಲ, ಅಳುವ ಮಾತನ್ನೂ ಅಳದೆ ಹೇಳುತ್ತಾರೆ. ‘ವಿದರ್ಡ್ ಆ್ಯಂಡ್ ಡೈಡ್’, ‘ಡೌನ್ ವೇರ್ ದ ಡ್ರಂಕರ್ಡ್ಸ್ ರೋಲ್’, ಹಗ್ಗದ ಮೇಲೆ ನಡೆಯುವವನ ಹಾಡಾದ ‘ದ ಗ್ರೇಟ್ ವಲೇರಿಯೊ’ – ಮೂರನ್ನೂ ರಾತ್ರಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕೊನೆಯದರ ದನಿಮಟ್ಟ ಬಹಳ ಕಡಿಮೆ, ಬಸ್ಸಿನಲ್ಲಿ ಕೂತು ಕೇಳಿದರೆ ಅರ್ಧ ಕಳೆದುಹೋಗುತ್ತದೆ. ರಿಚರ್ಡ್ ತಾವೇ ಹಾಡಿದ ‘ದ ಎಂಡ್ ಆಫ್ ದ ರೇನ್‌ಬೋ’ ತೊಟ್ಟಿಲ ಮಗುವಿಗೆ ಹೇಳಿದ ಹಾಡು. ಆದರೆ ಬೆಳೆದು ದೊಡ್ಡವನಾಗಿ ಕಾಣಬೇಕಾದದ್ದು ಈ ಲೋಕದಲ್ಲಿ ಏನೂ ಇಲ್ಲ ಎಂಬುದು ಅದರ ಸಾರ. ಮಗು ಮಲಗಿಸಲು ಹಾಕುವ ಹಾಡಲ್ಲ.

‘ಶೂಟ್ ಔಟ್ ದ ಲೈಟ್ಸ್’ ಎಂಟೇ ಹಾಡಿನದು, ನಲವತ್ತು ನಿಮಿಷದ ಆಸುಪಾಸು. ಇದನ್ನು ಮುರಿದ ಮದುವೆಯ ಆಲ್ಬಮ್ ಎಂದು ಕರೆಯುವ ರೂಢಿ. ಅಷ್ಟು ಸರಳವಲ್ಲ. ಇದರ ಹೆಚ್ಚಿನ ಹಾಡುಗಳು 1980ರಲ್ಲೇ ಇದ್ದವು. ಜೆರಿ ರಾಫರ್ಟಿ ನಿರ್ಮಾಣದಲ್ಲಿ ಒಮ್ಮೆ ರೆಕಾರ್ಡ್ ಕೂಡ ಆಗಿದ್ದವು, ಆದರೆ ಆ ರೆಕಾರ್ಡಿಂಗ್ ಆಗ ಹೊರಬರಲಿಲ್ಲ. 1981ರ ಕೊನೆಯಲ್ಲಿ ಜೋ ಬಾಯ್ಡ್ ಅದನ್ನೆಲ್ಲ ಬದಿಗಿಟ್ಟು ಕೆಲವೇ ದಿನಗಳಲ್ಲಿ ಹೊಸದಾಗಿ ಮಾಡಿಸಿದರು. ಬಿಡುಗಡೆಯ ಹೊತ್ತಿಗೆ ದಂಪತಿ ಬೇರೆಯಾಗಿದ್ದರು, ಹಾಗಿದ್ದೂ 1982ರಲ್ಲಿ ಅಮೆರಿಕ ಪ್ರವಾಸ ಮಾಡಿದರು. ಹಾಡಿನ ಮಾತು ಬದುಕಿಗಿಂತ ಮುಂಚೆ ಹುಟ್ಟಿತ್ತು. ‘ವಾಕಿಂಗ್ ಆನ್ ಎ ವೈರ್’ ಕೇಳುವಾಗ ಈ ಕಾಲಕ್ರಮ ನೆನಪಿದ್ದರೆ ಕೇಳುವ ರೀತಿಯೇ ಬೇರೆಯಾಗುತ್ತದೆ. 2010ರ ಎರಡು ಡಿಸ್ಕಿನ ಮರುಮುದ್ರಣದಲ್ಲಿ ಆ ಪ್ರವಾಸದ ಲೈವ್ ಹಾಡುಗಳಿವೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಎರಡರಲ್ಲಿ ಒಂದೇ ಎಂದರೆ? ಜನಪದದ ವಾಸನೆ ಬೇಕಾದವರಿಗೆ ‘ಬ್ರೈಟ್ ಲೈಟ್ಸ್’. ರಾಕ್ ಕೇಳಿ ಬೆಳೆದವರಿಗೆ ‘ಶೂಟ್ ಔಟ್’, ಏಕೆಂದರೆ ಅದರಲ್ಲಿ ಗಿಟಾರ್, ಬೇಸ್, ಡ್ರಮ್ಸ್ ಬಿಟ್ಟು ಹೆಚ್ಚಿನದೇನೂ ಇಲ್ಲ. ನಡುವಿನ ಆಲ್ಬಮ್‌ಗಳಲ್ಲಿ 1975ರ ‘ಪೋರ್ ಡೌನ್ ಲೈಕ್ ಸಿಲ್ವರ್’ ಒಂದನ್ನು ಖಂಡಿತ ಸೇರಿಸಿಕೊಳ್ಳಿ. ಇಬ್ಬರೂ ಸೂಫಿ ಮಾರ್ಗಕ್ಕೆ ಹೋದ ಮೇಲಿನದು, ಅಲಂಕಾರವೆಲ್ಲ ಕಳಚಿದ್ದು. ಅದರ ‘ಡಿಮ್ಮಿಂಗ್ ಆಫ್ ದ ಡೇ’ಯಲ್ಲಿ ಕರೆಯುತ್ತಿರುವುದು ಪ್ರಿಯನನ್ನೋ ದೇವರನ್ನೋ ಹೇಳಲು ಬರುವುದಿಲ್ಲ. 1978ರ ‘ಫಸ್ಟ್ ಲೈಟ್’, 1979ರ ‘ಸನ್ನಿವಿಸ್ಟಾ’ ಎರಡೂ ಸಪ್ಪೆ, ಎಲ್ಲ ಕೇಳಿ ಮುಗಿಸಿದವರಿಗೆ ಇರಲಿ. ಜೋಡಿಯ ಎಲ್ಲವೂ ಬೇಕು ಎನ್ನುವವರಿಗೆ 2020ರಲ್ಲಿ ‘ಹಾರ್ಡ್ ಲಕ್ ಸ್ಟೋರೀಸ್’ ಎಂಬ ಎಂಟು ಸಿಡಿಯ ಪೆಟ್ಟಿಗೆ ಬಂದಿದೆ.

ವಾದ್ಯ ಬೇಕೆನ್ನುವವರಿಗೆ

ಥಾಂಪ್ಸನ್ನರ ಎಲೆಕ್ಟ್ರಿಕ್ ಗಿಟಾರ್ ಅಮೆರಿಕದ ಬ್ಲೂಸಿನಿಂದ ಬಂದದ್ದಲ್ಲ, ಅದಕ್ಕೇ ಬೇರೆಯವರ ನಡುವೆ ಕೂಡಲೇ ಗುರುತು ಸಿಗುತ್ತದೆ. ತಂದೆ ಸ್ಕಾಟ್ಲೆಂಡಿನವರು, ಲಂಡನ್ ಪೊಲೀಸಿನಲ್ಲಿದ್ದವರು. ಮನೆಯಲ್ಲಿ ಅಕಾರ್ಡಿಯನ್ ವಾದಕ ಜಿಮ್ಮಿ ಶ್ಯಾಂಡ್ ರೆಕಾರ್ಡುಗಳಿದ್ದವು, ಜಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ರೆಕಾರ್ಡೂ ಇತ್ತು. ಬ್ಯಾಗ್‌ಪೈಪಿನಲ್ಲಿ ಕೆಳಗೆ ಒಂದೇ ಸ್ವರ ನಿಂತು ಮೇಲೆ ರಾಗ ಓಡುತ್ತದಲ್ಲ, ಆ ಕ್ರಮವನ್ನು ಅವರು ತಂತಿಗೆ ತಂದರು. ಶ್ರುತಿ ಹಿಡಿದು ಕೇಳುವ ಅಭ್ಯಾಸ ಇರುವವರಿಗೆ ಇದು ಬೇಗ ಹತ್ತಿರವಾಗುತ್ತದೆ. ಬಲಗೈಯಲ್ಲಿ ಹೆಬ್ಬೆರಳು-ತೋರುಬೆರಳ ನಡುವೆ ಪಿಕ್ (ತಂತಿ ಮೀಟುವ ಬಿಲ್ಲೆ), ಉಳಿದ ಬೆರಳುಗಳಿಂದ ಮೇಲಿನ ತಂತಿಗಳ ಮೀಟು. ಒಂದೇ ಗಿಟಾರು ಎರಡಾಗಿ ಕೇಳುವುದು ಇದರಿಂದ.

ಗಿಟಾರಿಗಾಗಿ ಬಂದವರು ಒಂದು ಹೋಲಿಕೆ ಮಾಡಿ ನೋಡಿ. ‘ದ ಕ್ಯಾಲ್ವರಿ ಕ್ರಾಸ್’ ಹಾಡು ‘ಬ್ರೈಟ್ ಲೈಟ್ಸ್’ನಲ್ಲಿ ನಾಲ್ಕು ನಿಮಿಷವೂ ಇಲ್ಲ. ಅದೇ ಹಾಡಿನ 1975ರ ಲೈವ್ ರೂಪ 1976ರ ‘ಗಿಟಾರ್, ವೋಕಲ್’ ಸಂಗ್ರಹದಲ್ಲಿದೆ, ಹದಿಮೂರು ನಿಮಿಷ ದಾಟುತ್ತದೆ. ಮಾತು ಮುಗಿದ ಮೇಲೆ ಗಿಟಾರು ಮೂರೇ ಮೂರು ಕಾರ್ಡ್‌ಗಳ ಮೇಲೆ ಏರುತ್ತ ಹೋಗುತ್ತದೆ. ಈ ಎರಡನ್ನು ಒಂದರ ಹಿಂದೊಂದು ಕೇಳಿ. ಲೈವ್ ರೂಪದಲ್ಲಿ ಏಳನೇ ನಿಮಿಷಕ್ಕೆ ಬೇಸರ ಬಂದರೆ ಬ್ಯಾಂಡ್ ಶೋಗೆ ದುಡ್ಡು ಹಾಕಬೇಡಿ, ಒಂಟಿ ಶೋ ನೋಡಿ. ಇನ್ನೂ ಬೇಕು ಅನ್ನಿಸಿದರೆ ಉತ್ತರ ಸಿಕ್ಕಿತು.

ಸ್ಟುಡಿಯೋ ಆಲ್ಬಮ್‌ಗಳಲ್ಲಿ ಗಿಟಾರು ಮುಂದಿರುವುದು 2013ರ ‘ಎಲೆಕ್ಟ್ರಿಕ್’ನಲ್ಲಿ. ನ್ಯಾಶ್‌ವಿಲ್‌ನಲ್ಲಿ ಬಡಿ ಮಿಲ್ಲರ್ ನಿರ್ಮಾಣ, ಮೈಕಲ್ ಜೆರೋಮ್ ಡ್ರಮ್ಸ್, ತಾರಸ್ ಪ್ರೊಡಾನಿಯಕ್ ಬೇಸ್. 2018ರ ‘13 ರಿವರ್ಸ್’ ಇನ್ನೂ ಒರಟು. ಥಾಂಪ್ಸನ್ ತಾವೇ ನಿರ್ಮಿಸಿದ್ದು, ಲಾಸ್ ಏಂಜಲೀಸ್‌ನಲ್ಲಿ ಹತ್ತು ದಿನದಲ್ಲಿ ಮುಗಿಸಿದ್ದು, ಹಳೆಯ ಅಂಗಡಿಯ ಸಾಮಾನಿನಂತಿರದೆ ಎಪ್ಪತ್ತರ ಹತ್ತಿರದ ಮನುಷ್ಯನ ಸಿಟ್ಟು ಹಸಿಯಾಗಿಯೇ ಇರುವಂಥದ್ದು. ಈಚಿನವುಗಳಲ್ಲಿ ನಮ್ಮ ಆಯ್ಕೆ ಇದೇ. 2024ರ ‘ಶಿಪ್ ಟು ಶೋರ್’ ಇದಕ್ಕಿಂತ ಹಗುರ, ರಾಗಗಳು ಬೇಗ ಬಾಯಿಗೆ ಬರುತ್ತವೆ. 1999ರ ‘ಮಾಕ್ ಟ್ಯೂಡರ್’ ಲಂಡನ್ನಿನ ಉಪನಗರಗಳ ಮೇಲೆ ಕಟ್ಟಿದ್ದು, ಕತೆಯೂ ಗಿಟಾರೂ ಸಮಸಮ ಇರುವ ಅಪರೂಪದ ಆಲ್ಬಮ್.

ಸಂಗ್ರಹಗಳು, ಅಕೌಸ್ಟಿಕ್ ಮರುರೂಪಗಳು

ಬಹಳ ಜನ ಶುರುಮಾಡುವುದು 2014ರ ‘ಅಕೌಸ್ಟಿಕ್ ಕ್ಲಾಸಿಕ್ಸ್’ನಿಂದ. ಹದಿನಾಲ್ಕು ಹಳೆಯ ಹಾಡುಗಳನ್ನು ಒಬ್ಬರೇ, ಒಂದೇ ಗಿಟಾರಿನಲ್ಲಿ ಹೊಸದಾಗಿ ಹಾಡಿದ್ದು. ಒಂಟಿ ಶೋಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ, ವೇದಿಕೆಯ ಮೇಲೆ ಕೇಳಿಸುವುದು ಹೆಚ್ಚೂಕಡಿಮೆ ಇದೇ. ಆದರೆ ಲಿಂಡಾಗೆಂದು ಬರೆದ ಹಾಡುಗಳನ್ನು ಇಲ್ಲಿ ರಿಚರ್ಡ್ ತಮ್ಮ ದಪ್ಪ ದನಿಯಲ್ಲಿ ಹಾಡುತ್ತಾರೆ. ‘ವಾಕಿಂಗ್ ಆನ್ ಎ ವೈರ್’ ಮೊದಲು ಇಲ್ಲಿ ಕೇಳಿದವರಿಗೆ 1982ರ ಮೂಲದ ಪೆಟ್ಟು ಅರ್ಧವಾಗಿಬಿಡುತ್ತದೆ. ಮೂಲ ಮೊದಲು, ಇದು ಆಮೇಲೆ. 2017ರಲ್ಲಿ ಇದರ ಎರಡನೇ ಭಾಗವೂ ‘ಅಕೌಸ್ಟಿಕ್ ರೇರಿಟೀಸ್’ ಎಂಬುದೂ ಬಂದವು. ಅವಸರವಿಲ್ಲ.

ಸಂಗ್ರಹಗಳಲ್ಲಿ ಎರಡನ್ನು ಹೋಲಿಸಬಹುದು. 1993ರ ಮೂರು ಸಿಡಿಯ ‘ವಾಚಿಂಗ್ ದ ಡಾರ್ಕ್’ ಕಾಲಕ್ರಮದಲ್ಲಿಲ್ಲ, ಅಪರೂಪದ ಲೈವ್ ರೂಪಗಳು ತುಂಬಿವೆ. ಅಭಿಮಾನಿಗೆ ಹಬ್ಬ, ಹೊಸಬರಿಗೆ ಗೋಜಲು. 2009ರ ನಾಲ್ಕು ಸಿಡಿಯ ‘ವಾಕಿಂಗ್ ಆನ್ ಎ ವೈರ್’ ಫೇರ್‌ಪೋರ್ಟ್ ದಿನಗಳಿಂದ ಕ್ರಮವಾಗಿ ಬರುತ್ತದೆ. ಒಂದೇ ಪೆಟ್ಟಿಗೆ ಕೊಳ್ಳುವವರಿಗೆ ಎರಡನೆಯದು.

ಮೊದಲಿಗೆ ಬೇಡವಾದದ್ದು ಇನ್ನೂ ಕೆಲವಿವೆ. 1972ರ ‘ಹೆನ್ರಿ ದ ಹ್ಯೂಮನ್ ಫ್ಲೈ’ ಒಬ್ಬರೇ ಮಾಡಿದ ಮೊದಲ ಆಲ್ಬಮ್, ಮಾರಾಟದಲ್ಲಿ ನೆಲಕಚ್ಚಿತು. ಈಗ ಅದನ್ನು ಮೆಚ್ಚುವವರಿದ್ದಾರೆ, ದನಿಯಲ್ಲಿ ಮಾತ್ರ ಇನ್ನೂ ಅಂಜಿಕೆ ಇದೆ. 1996ರ ‘ಯು? ಮಿ? ಅಸ್?’ ಎರಡು ಡಿಸ್ಕು, ಒಂದು ಎಲೆಕ್ಟ್ರಿಕ್, ಒಂದು ಅಕೌಸ್ಟಿಕ್. ಒಂದೇ ಡಿಸ್ಕಾಗಿದ್ದರೆ ಚೆನ್ನಾಗಿತ್ತು. ಫೇರ್‌ಪೋರ್ಟಿನ 1969ರ ‘ಲೀಜ್ ಆ್ಯಂಡ್ ಲೀಫ್’ ಇಂಗ್ಲಿಷ್ ಜನಪದ ಹಾಡನ್ನು ರಾಕ್ ವಾದ್ಯಗಳಿಗೆ ಕೂಡಿಸಿದ ದೊಡ್ಡ ಆಲ್ಬಮ್ಮೇ ಹೌದು, ಆದರೆ ಅದರಲ್ಲಿ ಹಾಡುವುದು ಸ್ಯಾಂಡಿ ಡೆನ್ನಿ, ಹಾಡುಗಳು ಹೆಚ್ಚಿನವು ಪರಂಪರೆಯವು. ಥಾಂಪ್ಸನ್ ಹಾಡು ಬೇಕಾದವರು ಅಲ್ಲಿ ಹುಡುಕಿದರೆ ಹೆಚ್ಚು ಸಿಗದು.

ಒಂಟಿ ಶೋ, ಬ್ಯಾಂಡ್ ಶೋ

ಲಂಡನ್, ನ್ಯೂಜೆರ್ಸಿ, ಬೇ ಏರಿಯಾ ಕಡೆ ಇರುವ ಕನ್ನಡಿಗರಿಗೆ ಥಾಂಪ್ಸನ್ನರನ್ನು ಎದುರು ಕೂತು ಕೇಳುವ ಅವಕಾಶ ಹೆಚ್ಚು. ಟಿಕೆಟ್ ತೆಗೆಯುವ ಮುನ್ನ ಪ್ರಕಟಣೆಯನ್ನು ಸರಿಯಾಗಿ ಓದಿ. ‘ಸೋಲೋ ಅಕೌಸ್ಟಿಕ್’ ಎಂದಿದೆಯೋ, ‘ಬ್ಯಾಂಡ್’ ಅಥವಾ ‘ಎಲೆಕ್ಟ್ರಿಕ್ ಟ್ರಿಯೋ’ ಎಂದಿದೆಯೋ ನೋಡಿ. ಪೋಸ್ಟರಿನ ಫೋಟೋ ಎರಡಕ್ಕೂ ಒಂದೇ ಇರಬಹುದು, ಕಪ್ಪು ಬೆರೆ ಟೋಪಿ, ಗಿಟಾರು. ಫೋಟೋ ನೋಡಿ ಅಂದಾಜು ಮಾಡಬೇಡಿ.

ಮೊದಲ ಸಲ ನೋಡುವವರಿಗೆ ನಮ್ಮ ಸಲಹೆ ಒಂಟಿ ಶೋ. ಕಾರಣ ಮೂರು. ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಇಂಗ್ಲೆಂಡಿನ ಉಚ್ಚಾರಣೆಗೆ ಒಗ್ಗದ ಕಿವಿಗೆ ಡ್ರಮ್ಸಿನ ಸದ್ದಿನಲ್ಲಿ ಕತೆಯ ಎಳೆ ತಪ್ಪುತ್ತದೆ. ಐವತ್ತು ವರ್ಷದ ಹಾಡುಗಳಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಜಿಗಿಯುವ ಸ್ವಾತಂತ್ರ್ಯ ಒಬ್ಬರೇ ಇದ್ದಾಗ ಹೆಚ್ಚು. ಪ್ರೇಕ್ಷಕರು ಚೀಟಿಯಲ್ಲಿ ಬರೆದುಕೊಟ್ಟ ಹಾಡುಗಳನ್ನೇ ಎತ್ತಿ ಹಾಡುವ ಕಾರ್ಯಕ್ರಮಗಳನ್ನೂ ಅವರು ಮಾಡಿದ್ದಾರೆ. ಹಾಡುಗಳ ನಡುವಿನ ಮಾತು ಮೂರನೆಯದು. ಹಾಡು ಎಷ್ಟು ಕತ್ತಲೆಯೋ ಮಾತು ಅಷ್ಟೇ ತಮಾಷೆ, ನಗುತ್ತಿದ್ದವರು ಮುಂದಿನ ನಿಮಿಷ ಉಸಿರು ಬಿಗಿಹಿಡಿಯಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಸಂಗಾತಿ ಜಾರಾ ಫಿಲಿಪ್ಸ್ ಕೆಲವು ಹಾಡಿಗೆ ದನಿಗೂಡಿಸುವುದೂ ಉಂಟು.

ಬ್ಯಾಂಡ್ ಶೋದಲ್ಲಿ ಸಿಗುವುದು ಉದ್ದದ ಗಿಟಾರ್ ಭಾಗಗಳು ಮತ್ತು ಹೊಸ ಆಲ್ಬಮ್. ಹೊಸ ಆಲ್ಬಮ್ ಬಂದ ವರ್ಷವಾದರೆ ಅದರ ಹಾಡುಗಳೇ ಹೆಚ್ಚಿರುತ್ತವೆ, ಆದ್ದರಿಂದ ಎರಡು ಮೂರು ಸಲ ಅದನ್ನು ಕೇಳಿಕೊಂಡೇ ಹೋಗಿ. ಸದ್ದು ಜೋರು. ಕಿವಿಗೆ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಹತ್ತಿ ಬೇಡ, ಅದು ಮೇಲಿನ ಸ್ವರಗಳನ್ನು ನುಂಗಿ ಗಿಟಾರಿನ ಮೊನಚನ್ನೇ ಕೊಲ್ಲುತ್ತದೆ. ಸಂಗೀತಕ್ಕೆಂದೇ ಮಾಡಿದ ಪ್ಲಗ್ ಸಿಗುತ್ತವೆ. ಕೂರುವ ಜಾಗ ಸೌಂಡ್ ಮಿಕ್ಸರ್ ಮೇಜಿನ ಹತ್ತಿರವಾದರೆ ಒಳ್ಳೆಯದು, ಎಲ್ಲ ವಾದ್ಯವೂ ಹದವಾಗಿ ಕೇಳಿಸುವುದು ಅಲ್ಲಿಯೇ. ಮುಂದಿನ ಸಾಲಿನಲ್ಲಿ ಆಂಪ್ಲಿಫೈಯರಿನ ನೇರ ಸದ್ದು ಬಡಿದು ದನಿ ಮುಚ್ಚಿಹೋಗುತ್ತದೆ. ಒಂಟಿ ಶೋಗೆ ಇದರ ತಿರುವುಮುರುವು: ಮುಂದಿನ ಸಾಲು, ನಡುವೆ, ಬಲಗೈ ಬೆರಳು ಕಾಣುವ ಹಾಗೆ.

ಟಿಕೆಟನ್ನು ಸಭಾಂಗಣದ ಸ್ವಂತ ಕೌಂಟರ್ ಅಥವಾ ಜಾಲತಾಣದಲ್ಲಿ ಕೊಳ್ಳಿ. ಮರುಮಾರಾಟದ ತಾಣಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ, ಅಲ್ಲಿ ಸೀಟು ಖಾಲಿ ಇರುವ ಶೋಗೂ ದುಪ್ಪಟ್ಟು ಕೇಳುವುದುಂಟು. ಬಾಗಿಲು ತೆರೆಯುವ ಹೊತ್ತು ಬೇರೆ, ಹಾಡು ಶುರುವಾಗುವ ಹೊತ್ತು ಬೇರೆ. ನಡುವೆ ಬೇರೊಬ್ಬ ಹಾಡುಗಾರರ ಅರ್ಧ ಗಂಟೆ ಇರಬಹುದು.

ಬಯಲಿನ ಹಬ್ಬವೇ ಬೇಕೆಂದರೆ ಆಗಸ್ಟಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಕ್ರೋಪ್ರೆಡಿ ಹಳ್ಳಿಯಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ನಡೆಸುವ ಉತ್ಸವವಿದೆ. ಥಾಂಪ್ಸನ್ ಅಲ್ಲಿ ಹಲವು ಸಲ ಹಾಡಿದ್ದಾರೆ, ಆದರೆ ಪ್ರತಿ ವರ್ಷ ಬರುವುದಿಲ್ಲ. ಆ ವರ್ಷದ ಪಟ್ಟಿ ನೋಡಿಯೇ ವಿಮಾನದ ಟಿಕೆಟ್ ಮಾಡಿ.

ಭಾರತದಲ್ಲಿ ಕೂತವರಿಗೆ ರೆಕಾರ್ಡಿಂಗೇ ಹತ್ತಿರದ ದಾರಿ. ಬ್ಯಾಂಡಿಗೆ 2005ರಲ್ಲಿ ಬಂದ ‘ಲೈವ್ ಫ್ರಮ್ ಆಸ್ಟಿನ್, ಟೆಕ್ಸಸ್’. 2010ರ ‘ಡ್ರೀಮ್ ಆಟಿಕ್’ ಇನ್ನೊಂದು ಬಗೆಯದು, ಹೊಸ ಹಾಡುಗಳನ್ನು ಸ್ಟುಡಿಯೋಗೆ ಒಯ್ಯದೆ ನೇರವಾಗಿ ವೇದಿಕೆಯ ಮೇಲೆ ರೆಕಾರ್ಡ್ ಮಾಡಿದ್ದು. ಒಂಟಿ ಶೋದ ಹಳೆಯ ದಾಖಲೆ ‘ಸ್ಮಾಲ್ ಟೌನ್ ರೊಮಾನ್ಸ್’, 1982ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದ್ದು, 1984ರಲ್ಲಿ ಹೊರಬಂದದ್ದು. ಥಾಂಪ್ಸನ್ನರಿಗೇ ಅದು ಹಿಡಿಸಲಿಲ್ಲ. ವಿನೋದಕ್ಕೆ 2003ರ ‘1000 ಇಯರ್ಸ್ ಆಫ್ ಪಾಪ್ಯುಲರ್ ಮ್ಯೂಸಿಕ್’ ಕೇಳಿ. ಸಹಸ್ರಮಾನದ ಒಳ್ಳೆಯ ಹಾಡುಗಳನ್ನು ಹೆಸರಿಸಿ ಎಂದು ಪ್ಲೇಬಾಯ್ ಪತ್ರಿಕೆ ಕೇಳಿದಾಗ, ಸಹಸ್ರಮಾನ ಎಂದರೆ ಸಾವಿರ ವರ್ಷ ತಾನೆ ಎಂದು ಹನ್ನೊಂದನೇ ಶತಮಾನದಿಂದ ಪಟ್ಟಿ ಮಾಡಿ ಕಳಿಸಿದರು. ಪತ್ರಿಕೆ ಹಾಕಲಿಲ್ಲ, ಇವರು ಅದನ್ನೇ ವೇದಿಕೆಗೆ ತಂದರು. ಬ್ರಿಟ್ನಿ ಸ್ಪಿಯರ್ಸ್ ಹಾಡೂ ಇದೆ.

ನುಡಿಸಲು ಹೊರಟವರಿಗೆ

‘1952 ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್’ ಕಲಿಯಲು ಹೊರಟು ಕೈಬಿಟ್ಟವರು ಬಹಳ ಮಂದಿ, ಕಾರಣ ಹೆಚ್ಚಾಗಿ ಟ್ಯೂನಿಂಗ್. ದಪ್ಪ ತಂತಿಯಿಂದ ಶುರುಮಾಡಿ ಸಿ-ಜಿ-ಡಿ-ಜಿ-ಬಿ-ಇ, ಅಂದರೆ ಆರನೆಯ ತಂತಿ ಇ ಇಂದ ಸಿ ಗೆ, ಐದನೆಯದು ಎ ಇಂದ ಜಿ ಗೆ ಇಳಿಯಬೇಕು. ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಮೂರನೇ ಫ್ರೆಟ್‌ಗೆ. ತೆಳುವಾದ ತಂತಿ ಸೆಟ್ ಹಾಕಿದ್ದರೆ ಆರನೆಯದು ಸಡಿಲವಾಗಿ ಜಿರ್ರೆನ್ನುತ್ತದೆ, 0.056 ಇಂಚಿನ ತಂತಿ ಹಾಕಿದರೆ ನಿಲ್ಲುತ್ತದೆ. ಕೇಪೋ ಹಾಕಿದ ಮೇಲೆ ಇಳಿಸಿದ ತಂತಿಗಳು ತುಸು ಮೇಲಕ್ಕೆ ಜರುಗುತ್ತವೆ, ಆದ್ದರಿಂದ ಕೇಪೋ ಹಾಕಿಯೇ ಇನ್ನೊಮ್ಮೆ ಶ್ರುತಿ ಮಾಡಿ. ಎಡಗೈಗೆ ಹೋಗುವ ಮುನ್ನ ಬಲಗೈಯಲ್ಲಿ ಪಿಕ್ಕಿನಿಂದ ಕೆಳಸ್ವರ, ಮಧ್ಯದ ಬೆರಳಿನಿಂದ ಮೇಲಿನ ಸ್ವರ ಎಂಬ ಹೊಂದಾಣಿಕೆಯನ್ನು ಅರ್ಧ ವೇಗದಲ್ಲಿ ಕೂರಿಸಿಕೊಳ್ಳಿ. ಬೆರಳಿಗೇ ಎಲ್ಲ ಬಿಟ್ಟರೆ ಹಾಡು ಮೆತ್ತಗಾಗುತ್ತದೆ, ಪಿಕ್ಕಿಗೇ ಬಿಟ್ಟರೆ ಮೇಲಿನ ರಾಗ ತುಂಡಾಗುತ್ತದೆ. ಅವರದೇ ಬಾಯಲ್ಲಿ ಕಲಿಯುವ ಆಸೆ ಇದ್ದವರು ‘ಫ್ರೆಟ್ಸ್ ಆ್ಯಂಡ್ ರಿಫ್ರೇನ್ಸ್’ ಹೆಸರನ್ನು ಹುಡುಕಿ ನೋಡಬಹುದು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಥಾಂಪ್ಸನ್ ನಡೆಸಿಕೊಂಡು ಬಂದ, ಗಿಟಾರು ಮತ್ತು ಹಾಡುಬರವಣಿಗೆಯ ಶಿಬಿರ ಅದು.